ಹುಬ್ಬು ಬೋಳಿಸಿಕೊಂಡವರು, ಹಿಡಿ ಮಣ್ಣು ಹಾಕಿದವರು

ಮನೆಯ ಬೆಕ್ಕು ರಾತ್ರಿ ಸತ್ತಿದೆ. ವಯಸ್ಸಾಗಿತ್ತು, ಕೊಂದವರಿಲ್ಲ, ಕಚ್ಚಿದವರಿಲ್ಲ. ಬೆಳಗಾಗುತ್ತಲೇ ಮನೆಯೊಳಗೆ ಗೋಳು ಎದ್ದಿದೆ. ಎದೆ ಎದೆ ಬಡಿದುಕೊಂಡು ಅಳುತ್ತಿದ್ದಾರೆ. ಅಜ್ಜನಿಂದ ಹಿಡಿದು ಮೊಮ್ಮಗನವರೆಗೆ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಕ್ಷೌರದ ಕತ್ತಿಗೆ ಮುಖವೊಡ್ಡಿ ಹುಬ್ಬು ತೆಗೆಸಿಕೊಳ್ಳುತ್ತಿದ್ದಾರೆ. ಓಣಿಯಲ್ಲಿ ಎದುರಾದವರು ಏನಾಯಿತೆಂದು ಕೇಳಬೇಕಾಗಿಲ್ಲ. ಹುಬ್ಬಿಲ್ಲದ ಮುಖ ಕಂಡರೆ ಆ ಮನೆಯಲ್ಲಿ ಬೆಕ್ಕು ತೀರಿಕೊಂಡಿದೆ ಎಂದು ಊರಿಗೇ ಗೊತ್ತಾಗುತ್ತದೆ. ಸತ್ತದ್ದು ನಾಯಿಯಾಗಿದ್ದರೆ ಹುಬ್ಬಿಗೇ ಮುಗಿಯುತ್ತಿರಲಿಲ್ಲ. ತಲೆ, ಮೈ ಎಲ್ಲ ಬೋಳು.

ಪ್ರಾಚೀನ ಈಜಿಪ್ಟಿನವರು ಹೀಗೆ ಹುಬ್ಬು ಬೋಳಿಸುತ್ತಿದ್ದ ಸಂಗತಿಯನ್ನು ಬರೆದಿಟ್ಟವನು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್. ಎದೆ ಬಡಿತ, ಗೋಳಾಟ, ಹೆಣಕ್ಕೆ ನಯವಾದ ನಾರುಬಟ್ಟೆ ಸುತ್ತಿ ಮಸಾಲೆ ತೈಲ ಹಚ್ಚುವ ವಿವರ ಸೇರಿಸಿದವನು ಅವನಿಗಿಂತ ಸುಮಾರು ನಾಲ್ಕು ಶತಮಾನ ತಡವಾಗಿ ಈಜಿಪ್ಟಿಗೆ ಹೋದ ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಡಯೊಡೋರಸ್. ಇಬ್ಬರೂ ಹೊರಗಿನವರು, ಇಬ್ಬರಿಗೂ ಬೆರಗು ಹುಟ್ಟಿಸುವ ಕಥೆ ಎಂದರೆ ಇಷ್ಟ. ಆದರೂ ಇಬ್ಬರೂ ಹೇಳುವುದು ಒಂದೇ ದಿಕ್ಕಿಗೆ ಕೈ ತೋರಿಸುವುದರಿಂದ ಪೂರ್ತಿ ತಳ್ಳಿಹಾಕುವಂತಿಲ್ಲ.

ಬೆಕ್ಕಿನ ಮಮ್ಮಿಯ ಚಿತ್ರವನ್ನು ಶಾಲಾಪುಸ್ತಕದಲ್ಲೋ ಟಿ.ವಿ.ಯಲ್ಲೋ ನೋಡದವರು ಕಡಿಮೆ. ಬಟ್ಟೆಪಟ್ಟಿ ಸುತ್ತಿದ ಉದ್ದನೆಯ ಮೈ, ಮೇಲೆ ಬಣ್ಣದಲ್ಲಿ ಬರೆದ ಪುಟ್ಟ ಮುಖ, ನೆಟ್ಟಗೆ ನಿಂತ ಕಿವಿ. ನೋಡಿದೊಡನೆ ಅನ್ನಿಸುತ್ತದೆ: ಎಷ್ಟು ಪ್ರೀತಿಯಿದ್ದರೆ ಹೀಗೆ ಕಾಪಿಟ್ಟಾರು! ಪಟ್ಟಿಯ ಒಳಗೆ ಇಣುಕಿದವರಿಗೆ ಕಂಡದ್ದು ಮಾತ್ರ ಬೇರೆ. ಸಾಕಿದ ಬೆಕ್ಕಿಗಾಗಿ ಅತ್ತು ಅದನ್ನು ಮಣ್ಣು ಮಾಡಿದವರ ಗುರುತು ಈಜಿಪ್ಟಿನಲ್ಲಿ ಖಂಡಿತ ಇದೆ. ಆದರೆ ಅದನ್ನು ಹುಡುಕಬೇಕಾದ ಜಾಗ ಲಕ್ಷಗಟ್ಟಲೆ ಮಮ್ಮಿಗಳನ್ನು ತುಂಬಿದ ಗುಹೆಗಳಲ್ಲ.

ಅರಮನೆಯ ಹೆಣ್ಣುಬೆಕ್ಕು

ಮೊದಲು ಅನುಮಾನಕ್ಕೆ ಎಡೆಯಿಲ್ಲದ ಒಂದು ಸಾಕ್ಷಿ. ಕ್ರಿ.ಪೂ. 14ನೇ ಶತಮಾನದಲ್ಲಿ ಈಜಿಪ್ಟನ್ನು ಆಳಿದ ಮೂರನೆಯ ಅಮೆನ್‌ಹೋಟೆಪ್‌ನ ಹಿರಿಯ ಮಗ ಥುಟ್‌ಮೋಸ್. ಮೆಂಫಿಸ್ ನಗರದ ಪ್ತಾ ದೇವರಿಗೆ ಅವನೇ ಪ್ರಧಾನ ಅರ್ಚಕ. ತಂದೆ ಬದುಕಿದ್ದಾಗಲೇ ತೀರಿಕೊಂಡನಾದ್ದರಿಂದ ಪಟ್ಟ ತಮ್ಮನ ಪಾಲಾಯಿತು; ಸೂರ್ಯಬಿಂಬವೊಂದೇ ದೇವರೆಂದು ಸಾರಿದ ಅಖೆನಾಟೆನ್ ಆ ತಮ್ಮ. ಸಿಂಹಾಸನ ಏರದೆ ಹೋದ ಅಣ್ಣನ ಹೆಸರು ಇಂದಿಗೂ ಉಳಿದಿರುವುದು ಬಹುಪಾಲು ಅವನ ಬೆಕ್ಕಿನ ದೆಸೆಯಿಂದ.

ಆ ಬೆಕ್ಕಿನ ಹೆಸರು ತಾ-ಮ್ಯೂ. ಅದು ಸತ್ತಾಗ ಥುಟ್‌ಮೋಸ್ ಸುಣ್ಣಕಲ್ಲಿನಲ್ಲಿ ಒಂದು ಪುಟ್ಟ ಶವಪೆಟ್ಟಿಗೆ ಕೆತ್ತಿಸಿದ. ಎಡೆ ಬಡಿಸಿದ ಮೇಜಿನ ಮುಂದೆ ಬೆಕ್ಕು ಗಂಭೀರವಾಗಿ ಕುಳಿತ ಚಿತ್ರ ಅದರ ಮೇಲಿದೆ. ಎಡೆಯಲ್ಲಿ ಬಾತುಕೋಳಿಯೂ ಇದೆ. ಮನುಷ್ಯರ ಶವಪೆಟ್ಟಿಗೆಯನ್ನು ಕಾಯುವ ಐಸಿಸ್, ನೆಫ್ಥಿಸ್ ದೇವತೆಗಳೇ ಇಲ್ಲೂ ಕಾವಲಿಗಿದ್ದಾರೆ. ಸತ್ತ ಮನುಷ್ಯರು ಪರಲೋಕದ ಒಡೆಯ ಒಸಿರಿಸ್‌ನಲ್ಲಿ ಒಂದಾಗುತ್ತಾರೆಂಬುದು ಈಜಿಪ್ಟಿನವರ ನಂಬಿಕೆ. ಪೆಟ್ಟಿಗೆಯ ಬರಹ ಈ ಬೆಕ್ಕನ್ನೂ ‘ಒಸಿರಿಸ್ ತಾ-ಮ್ಯೂ’ ಎಂದೇ ಕರೆದಿದೆ. 1892ರಲ್ಲಿ ಮೆಂಫಿಸ್‌ನಲ್ಲಿ ಸಿಕ್ಕ ಈ ಪೆಟ್ಟಿಗೆ ಕೈರೋದ ವಸ್ತುಸಂಗ್ರಹಾಲಯಕ್ಕೆ ಸೇರಿತು.

ಇಲ್ಲಿ ಬೆಕ್ಕಿಗೊಂದು ಹೆಸರಿದೆ, ಅದಕ್ಕಾಗಿ ಖರ್ಚು ಮಾಡಿದವನ ಹೆಸರೂ ಇದೆ. ಇವೆರಡನ್ನೂ ಗಮನದಲ್ಲಿಟ್ಟುಕೊಂಡು ಓದುಗರು ಮುಂದಿನ ಕಥೆಗೆ ಬರಬೇಕು, ಏಕೆಂದರೆ ಅಲ್ಲಿ ಎರಡೂ ಕಾಣೆಯಾಗುತ್ತವೆ.

ಬುಬಾಸ್ಟಿಸ್ ಜಾತ್ರೆ, ಹರಕೆಯ ಬೆಕ್ಕು

ನೈಲ್ ನದಿ ಕವಲೊಡೆದು ಸಮುದ್ರ ಸೇರುವ ಬಯಲಿನಲ್ಲಿ ಬುಬಾಸ್ಟಿಸ್ ಎಂಬ ನಗರವಿತ್ತು. ಈಗ ಅದು ಜಗಾಜಿಗ್ ಪಟ್ಟಣದ ಮಗ್ಗುಲಲ್ಲಿರುವ ಪಾಳುದಿಬ್ಬ, ಟೆಲ್ ಬಸ್ತಾ. ಅಲ್ಲಿನ ದೇವತೆ ಬಾಸ್ಟೆಟ್. ಹಳೆಯ ಕಾಲದಲ್ಲಿ ಸಿಂಹದ ಮುಖದವಳಾಗಿದ್ದ ಈಕೆ ಬರಬರುತ್ತ ಬೆಕ್ಕಿನ ಮುಖದ ಸೌಮ್ಯ ದೇವತೆಯಾದಳು. ಅವಳ ಜಾತ್ರೆಗೆ ಗಂಡಸರು ಹೆಂಗಸರು ದೋಣಿ ತುಂಬಿಕೊಂಡು, ಕೊಳಲೂದುತ್ತ, ತಾಳ ಬಡಿಯುತ್ತ, ದಡದ ಊರಿನವರನ್ನು ಛೇಡಿಸುತ್ತ ಬರುತ್ತಿದ್ದರು. ಏಳು ಲಕ್ಷ ಜನ ಸೇರುತ್ತಾರೆ, ಉಳಿದ ವರ್ಷವಿಡೀ ಕುಡಿಯುವುದಕ್ಕಿಂತ ಹೆಚ್ಚು ದ್ರಾಕ್ಷಾರಸ ಆ ಜಾತ್ರೆಯಲ್ಲೇ ಖರ್ಚಾಗುತ್ತದೆ ಎಂದು ಹೆರೊಡೊಟಸ್ ದಾಖಲಿಸಿದ್ದಾನೆ. ಜಾತ್ರೆಯ ಜನವನ್ನು ಎಣಿಸಿದವರಾರು ಎಂದು ಕೇಳಬೇಡಿ; ಅವನಿಗೆ ಆ ಲೆಕ್ಕ ಕೊಟ್ಟವರು ಊರಿನವರು, ತಮ್ಮೂರ ಜಾತ್ರೆಯ ಲೆಕ್ಕವನ್ನು ಯಾರೂ ಕಡಿಮೆ ಹೇಳುವುದಿಲ್ಲ.

ಸತ್ತ ಬೆಕ್ಕುಗಳನ್ನು ಈ ನಗರಕ್ಕೆ ಒಯ್ದು, ಕೆಡದಂತೆ ಸಂಸ್ಕರಿಸಿ, ಪವಿತ್ರ ನೆಲಮಾಳಿಗೆಗಳಲ್ಲಿ ಹೂಳುತ್ತಾರೆ ಎಂದೂ ಅವನು ಹೇಳುತ್ತಾನೆ. ಮನೆಯಲ್ಲಿ ಸತ್ತ ಬೆಕ್ಕುಗಳೂ ಹಾಗೆ ಬಂದಿರಬಹುದು. ಆದರೆ ಅಗೆದು ತೆಗೆದ ರಾಶಿಯಲ್ಲಿ ಬಹುಪಾಲು ಅಂಥವಲ್ಲ.

ನಡೆಯುತ್ತಿದ್ದದ್ದು ಹೀಗೆ. ಯಾತ್ರಿಕ ದೇವಾಲಯಕ್ಕೆ ಬರುತ್ತಾನೆ. ದೇವಿಯಲ್ಲಿ ಏನೋ ಕೇಳಿಕೊಳ್ಳುವುದಿದೆ, ಇಲ್ಲವೇ ಕೇಳಿಕೊಂಡದ್ದು ನೆರವೇರಿದೆ. ಆವರಣದಲ್ಲೇ ತಯಾರಾದ ಬೆಕ್ಕಿನ ಮಮ್ಮಿಯೊಂದನ್ನು ಕೊಂಡು ಒಪ್ಪಿಸುತ್ತಾನೆ. ನಮ್ಮಲ್ಲಿ ಕಣ್ಣುಬೇನೆ ವಾಸಿಯಾದವರು ಬೆಳ್ಳಿಯ ಕಣ್ಣು ಕೊಂಡು ದೇವರಿಗೆ ಹಾಕುತ್ತಾರಲ್ಲ, ಅಂಥದ್ದೇ ಹರಕೆ. ಹೀಗೆ ಬಂದ ಮಮ್ಮಿಗಳು ತುಂಬಿದಂತೆಲ್ಲ ಅರ್ಚಕರು ಒಟ್ಟುಮಾಡಿ ಸುರಂಗಗಳಿಗೆ ಸೇರಿಸುತ್ತಿದ್ದರು. ಈ ಪದ್ಧತಿ ಭರದಿಂದ ನಡೆದದ್ದು ಕ್ರಿ.ಪೂ. 7ನೇ ಶತಮಾನದಿಂದ ರೋಮನ್ನರ ಆಳ್ವಿಕೆಯ ಆರಂಭದವರೆಗೆ, ಅಂದರೆ ತಾ-ಮ್ಯೂ ಸತ್ತು ಎಷ್ಟೋ ಶತಮಾನಗಳ ನಂತರ.

ತಯಾರಿಯಲ್ಲೂ ದರ್ಜೆಗಳಿದ್ದವು. ಹೆಣವನ್ನು ನೇಟ್ರಾನ್ ಎಂಬ ನೈಸರ್ಗಿಕ ಉಪ್ಪಿನಲ್ಲಿ ಒಣಗಿಸಿ, ಮರದ ಅಂಟು ಹಚ್ಚಿ, ಮುಂಗಾಲು ಮೈಗೆ, ಹಿಂಗಾಲು ಹೊಟ್ಟೆಗೆ ಒತ್ತಿ ಪಟ್ಟಿ ಸುತ್ತುತ್ತಿದ್ದರು. ಎರಡು ಬಣ್ಣದ ಪಟ್ಟಿಗಳನ್ನು ಹೆಣೆದು ಚೌಕಳಿ ಮೂಡಿಸಿದ ಸೊಗಸುಗಾರಿಕೆಯ ಮಮ್ಮಿಗಳಿವೆ, ಕಂಚಿನ ಬೆಕ್ಕಿನ ಪ್ರತಿಮೆಯ ಹೊಟ್ಟೆಯೊಳಗೆ ಕೂರಿಸಿದವೂ ಇವೆ. ಕೈಯಲ್ಲಿ ಕಾಸು ಕಡಿಮೆಯಿದ್ದವನಿಗೆ ಸಾದಾ ಗಂಟು.

ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಬೆಕ್ಕಿನ ಮಮ್ಮಿಗಳನ್ನು ಎಕ್ಸ್‌ರೇಗೆ ಒಡ್ಡಿ ಪರೀಕ್ಷಿಸಿದ ವರದಿ 1981ರಲ್ಲಿ ಹೊರಬಂತು. ಬಹಳಷ್ಟು ಬೆಕ್ಕುಗಳಿಗೆ ವರ್ಷವೂ ತುಂಬಿರಲಿಲ್ಲ. ಕೆಲವಂತೂ ಹಾಲು ಬಿಡದ ಮರಿಗಳು. ಕುತ್ತಿಗೆ ತಿರುಚಿದ ಗುರುತುಗಳೂ ಕಂಡವು. 2020ರಲ್ಲಿ ಬ್ರಿಟನ್ನಿನ ಸ್ವಾನ್ಸಿ ವಿಶ್ವವಿದ್ಯಾಲಯದವರು ಹೆಚ್ಚು ಸೂಕ್ಷ್ಮವಾದ ಸ್ಕ್ಯಾನ್ ಮಾಡಿ ನೋಡಿದ ಮರಿಗೂ ಐದು ತಿಂಗಳು ತುಂಬಿರಲಿಲ್ಲ, ಅದರ ಕತ್ತೂ ಮುರಿದಿತ್ತು. ಮ್ಯಾಂಚೆಸ್ಟರ್‌ನ ಸಂಶೋಧಕರು 800ಕ್ಕೂ ಹೆಚ್ಚು ಪ್ರಾಣಿ ಮಮ್ಮಿಗಳನ್ನು ಪರಿಶೀಲಿಸಿ ಹೇಳಿದ್ದು ಇನ್ನೂ ಸೋಜಿಗ: ಸುಮಾರು ಮೂರರಲ್ಲೊಂದು ಗಂಟಿನಲ್ಲಿ ಪ್ರಾಣಿಯೇ ಇಲ್ಲ! ಮಣ್ಣು, ಕಡ್ಡಿ, ಜೊಂಡು, ಚಿಂದಿ ಸೇರಿಸಿ ಸುತ್ತಿದ್ದಾರೆ. ಮೋಸವೋ, ಪ್ರಾಣಿಗಳಿದ್ದ ಜಾಗದಲ್ಲಿ ಸಿಕ್ಕಿದ್ದೆಲ್ಲವೂ ಪವಿತ್ರವೆಂಬ ಭಾವನೆಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೆಂಫಿಸ್ ನಗರದ ಸ್ಮಶಾನಭೂಮಿ ಸಕ್ಕಾರಾದಲ್ಲಿ ಬೆಕ್ಕಿನ ಸುರಂಗಗಳ ಹತ್ತಿರವೇ ಇದ್ದ ಐಬಿಸ್ ಪಕ್ಷಿಯ ಸಮಾಧಿಗಳಲ್ಲಿ ಒಂದು ಮಡಕೆಗೆ ಒಂದು ಹಕ್ಕಿ ಇರಲೇಬೇಕೆಂದು ಕ್ರಿ.ಪೂ. 2ನೇ ಶತಮಾನದಲ್ಲಿ ಕಟ್ಟಪ್ಪಣೆ ಮಾಡಬೇಕಾಯಿತು. ಅಪ್ಪಣೆ ಯಾಕೆ ಬೇಕಾಯಿತೆಂದು ಊಹಿಸುವುದು ಕಷ್ಟವಲ್ಲ.

ಇಷ್ಟೊಂದು ಮರಿಗಳನ್ನು ಸಾಕುವುದಕ್ಕೇ ಜನರಿದ್ದರು. ಕ್ರಿ.ಪೂ. 3ನೇ ಶತಮಾನದ ಅರ್ಜಿಯೊಂದು ಸಿಕ್ಕಿದೆ. ದೇವಿಯ ಬೆಕ್ಕುಗಳಿಗೆ ಉಣಿಸುವ ಕೆಲಸದವರು ಅಧಿಕಾರಿ ಜೆನಾನ್‌ಗೆ ಬರೆದುಕೊಂಡ ದೂರು ಅದು. ತಮ್ಮಂಥವರಿಗೆ ಬಿಟ್ಟಿ ಚಾಕರಿಯಿಂದ ವಿನಾಯಿತಿ ಇದ್ದರೂ ಸ್ಥಳೀಯ ಅಧಿಕಾರಿ ಕೊಯ್ಲಿಗೆ, ಇಟ್ಟಿಗೆ ಕೆಲಸಕ್ಕೆ ಎಳೆಯುತ್ತಿದ್ದಾನೆ ಎಂಬ ಗೋಳು.

ಇದರ ಜತೆಗೆ ಇನ್ನೊಂದು ಸಂಗತಿ ಇಟ್ಟು ನೋಡಬೇಕು. ಕ್ರಿ.ಪೂ. 60ರ ಆಸುಪಾಸಿನಲ್ಲಿ ಈಜಿಪ್ಟಿನಲ್ಲಿದ್ದ ಡಯೊಡೋರಸ್ ಕಣ್ಣಾರೆ ಕಂಡ ಘಟನೆ: ರೋಮಿನವನೊಬ್ಬ ಬೆಕ್ಕನ್ನು ಕೊಂದ. ಜನ ಅವನ ಮನೆಗೆ ನುಗ್ಗಿದರು. ರೋಮಿನ ಕೋಪಕ್ಕೆ ಇಡೀ ದೇಶ ಹೆದರುತ್ತಿದ್ದ ಹೊತ್ತದು, ರಾಜನೇ ಅಧಿಕಾರಿಗಳನ್ನು ಕಳಿಸಿ ಬೇಡಿಕೊಂಡ. ಆದರೂ ಅವನು ಉಳಿಯಲಿಲ್ಲ. ಕೈತಪ್ಪಿ ಕೊಂದದ್ದೆಂದರೂ ಕೇಳಲಿಲ್ಲ. ಬೀದಿಯಲ್ಲಿ ಬೆಕ್ಕು ಕೊಂದವನಿಗೆ ಸಾವು. ಗುಡಿಯ ಆವರಣದಲ್ಲಿ ಮರಿಯ ಕತ್ತು ತಿರುಚುವುದು ಸೇವೆ. ಆ ಕಾಲದವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ. ಬಲಿಯಾದ ಮರಿ ದೇವಿಯನ್ನು ಸೇರಿತು ಎಂದುಕೊಂಡಿರಬೇಕು. ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಆ ಮಮ್ಮಿಗಳನ್ನು ತೋರಿಸಿ ‘ನೋಡಿ, ಸಾಕಿದವರ ಪ್ರೀತಿ’ ಎನ್ನುವುದು ಸರಿಯಲ್ಲ. ಆ ಮರಿಗಳನ್ನು ಯಾರೂ ಹೆಸರು ಹಿಡಿದು ಕರೆದಿರಲಾರರು.

ಹೊಲಕ್ಕೆ ಬಿದ್ದ ದೇವರು

ಹರಕೆಯ ಬೆಕ್ಕಿಗೆ ವಾರಸುದಾರರಿಲ್ಲ ಎಂಬುದು ಕ್ರೂರವಾಗಿ ಸಾಬೀತಾದದ್ದು 19ನೇ ಶತಮಾನದಲ್ಲಿ. ಮಧ್ಯ ಈಜಿಪ್ಟಿನ ಬೆನಿ ಹಸನ್ ಹತ್ತಿರ ಪಾಖೆಟ್ ಎಂಬ ಸಿಂಹಮುಖದ ದೇವಿಯ ಗುಹಾಲಯವಿದೆ. 1888ರಲ್ಲಿ ಅಲ್ಲಿ ನೆಲ ಅಗೆಯುತ್ತಿದ್ದ ರೈತನೊಬ್ಬ ಕುಸಿದ ಗುಂಡಿಯೊಳಗೆ ಕಂಡದ್ದು ಬೆಕ್ಕಿನ ಮಮ್ಮಿಗಳ ರಾಶಿ. ಊರಿನ ಹುಡುಗರು ಚೆನ್ನಾಗಿದ್ದವನ್ನು ಆರಿಸಿ ನೈಲ್ ದಡಕ್ಕೆ ಬರುವ ಪ್ರವಾಸಿಗಳಿಗೆ ಮಾರಿಕೊಂಡರು. ಉಳಿದದ್ದರ ಮೇಲೆ ವ್ಯಾಪಾರಿಗಳ ಕಣ್ಣು ಬಿತ್ತು. ಮೂಳೆ, ಒಣಗಿದ ಮಾಂಸ ಎಂದರೆ ಗೊಬ್ಬರ.

ಸುಮಾರು 19.5 ಟನ್ ತೂಕದ, ಅಂದಾಜು 1,80,000 ಬೆಕ್ಕುಗಳು ಹಡಗೇರಿ 1890ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೆ ಇಳಿದವು. ಹರಾಜಾಯಿತು. ಹರಾಜುಗಾರ ಸುತ್ತಿಗೆಯ ಬದಲು ಬೆಕ್ಕಿನ ತಲೆಯೊಂದನ್ನು ಮೇಜಿಗೆ ಕುಟ್ಟಿ ಬೆಲೆ ಕೂಗಿದನಂತೆ. ಪುಡಿಯಾದ ಮಮ್ಮಿಗಳು ಇಂಗ್ಲಿಷ್ ರೈತರ ಹೊಲ ಸೇರಿದವು. ಕೆಲವು ಮಾತ್ರ ಲಿವರ್‌ಪೂಲ್‌ನ ವಸ್ತುಸಂಗ್ರಹಾಲಯಕ್ಕೆ ಉಳಿದುಕೊಂಡವು.

ಅಂಥದೇ ಬೆಕ್ಕುಗಳ ಬಗ್ಗೆ ಈಗ ಕಾಳಜಿ ಬೇರೆಯೇ ಬಗೆಯದು. ಸಕ್ಕಾರಾದ ಬಾಸ್ಟೆಟ್ ಗುಡಿಯ ಸುತ್ತಲಿನ ಗೋರಿಗಳಲ್ಲಿ ಫ್ರೆಂಚ್ ವಿದ್ವಾಂಸ ಅಲೇನ್ ಝಿವಿ ದಶಕಗಟ್ಟಲೆ ಕೆಲಸ ಮಾಡಿದರು. 1996ರಲ್ಲಿ ಅವರ ತಂಡಕ್ಕೆ ಸಿಕ್ಕ ಟುಟಾಂಖಾಮನ್‌ನ ಸಾಕುದಾಯಿ ಮಾಯಾಳ ಗೋರಿಯಲ್ಲೂ ನಂತರದ ಕಾಲದವರು ಬೆಕ್ಕುಗಳನ್ನು ತುಂಬಿದ್ದರು. 2018ರ ನವೆಂಬರಿನಲ್ಲಿ ಈಜಿಪ್ಟ್ ಸರ್ಕಾರ ಅದೇ ಸಕ್ಕಾರಾದಲ್ಲಿ ಸಿಕ್ಕ ಹತ್ತಾರು ಬೆಕ್ಕಿನ ಮಮ್ಮಿಗಳನ್ನು, ಚಿನ್ನದ ಲೇಪದ ನೂರು ಮರದ ಬೆಕ್ಕಿನ ಪ್ರತಿಮೆಗಳನ್ನು ಪತ್ರಕರ್ತರ ಮುಂದೆ ಹೆಮ್ಮೆಯಿಂದ ಜೋಡಿಸಿ ತೋರಿಸಿತು.

ತಿಪ್ಪೆದಿಬ್ಬದಲ್ಲಿ ಸಿಕ್ಕ ಮಮತೆ

ಹಾಗಾದರೆ ಸಾಕಿದವರ ದುಃಖ ಎಲ್ಲಿ ಕಾಣುತ್ತದೆ? ಕೆಂಪು ಸಮುದ್ರದ ದಡದ ಬೆರೆನಿಕೆಯಲ್ಲಿ. ನನ್ನ ಮಟ್ಟಿಗೆ ಬೆಕ್ಕುಗಳ ಅಂತ್ಯಕ್ರಿಯೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಜಾಗ ಇನ್ನೊಂದಿಲ್ಲ.

ಕ್ರಿ.ಪೂ. 3ನೇ ಶತಮಾನದಲ್ಲಿ ಎರಡನೆಯ ಟಾಲೆಮಿ ಕಟ್ಟಿಸಿದ ಈ ಬಂದರು ರೋಮನ್ನರ ಕಾಲಕ್ಕೆ ಭಾರತದ ವ್ಯಾಪಾರದ ಹೆಬ್ಬಾಗಿಲಾಯಿತು. ಮುಂಗಾರು ಮಾರುತ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬಂದು, ಗಾಳಿ ತಿರುಗಿದ ಮೇಲೆ ಮೆಣಸು ತುಂಬಿಕೊಂಡು ಮರಳುವ ಹಡಗುಗಳು ತಂಗುತ್ತಿದ್ದ ಊರು. ಅಲ್ಲಿನ ದೇವಾಲಯದ ಅಂಗಳದಲ್ಲಿ ಭಾರತದ ಮಡಕೆಯೊಂದರಲ್ಲಿ ಏಳೂವರೆ ಕಿಲೋ ಕರಿಮೆಣಸು ಹಾಗೇ ಸಿಕ್ಕಿದೆ. ಸುತ್ತ ಮರುಭೂಮಿ, ಕುಡಿಯುವ ನೀರನ್ನೂ ದೂರದಿಂದ ತರಬೇಕು. ಬದುಕು ಸುಲಭವಿರಲಿಲ್ಲ.

ಈ ಊರಿನ ಗೋಡೆಯಾಚೆ, ಜನ ಕಸ ಸುರಿಯುತ್ತಿದ್ದ ಅಂಚಿನಲ್ಲಿ, ಪೋಲೆಂಡಿನ ಪ್ರಾಣಿ ಪುರಾತತ್ತ್ವಜ್ಞೆ ಮಾರ್ತಾ ಒಸಿಪಿನ್ಸ್ಕಾ ಮತ್ತು ತಂಡದವರಿಗೆ 2011ರಿಂದ ಒಂದೊಂದಾಗಿ ಪುಟ್ಟ ಸಮಾಧಿಗಳು ಸಿಗತೊಡಗಿದವು. ಕ್ರಿ.ಶ. 1 ಮತ್ತು 2ನೇ ಶತಮಾನದವು. ಮೊದಲಿಗೆ ಕೆಲವು ವಿದ್ವಾಂಸರು ಒಪ್ಪಲಿಲ್ಲ; ಸತ್ತ ಪ್ರಾಣಿಗಳನ್ನು ಕಸದ ಜತೆ ಎಸೆದಿದ್ದಾರೆ, ಅಷ್ಟೇ ಎಂದರು. ಅಗೆತ ಮುಂದುವರಿಯಿತು. 2021ರ ಹೊತ್ತಿಗೆ ಪಶುವೈದ್ಯರ ನೆರವಿನಿಂದ ಪರಿಶೀಲಿಸಿ ಪ್ರಕಟಿಸಿದ ಲೆಕ್ಕ ಹೀಗಿತ್ತು: ಒಟ್ಟು 585 ಪ್ರಾಣಿಗಳು. ಅವುಗಳಲ್ಲಿ 536 ಬೆಕ್ಕು, 32 ನಾಯಿ, 15 ಮಂಗ, ಒಂದು ನರಿ, ಒಂದು ಗಿಡುಗ.

ಒಂದನ್ನೂ ಮಮ್ಮಿ ಮಾಡಿಲ್ಲ. ಕತ್ತು ಮುರಿದಿಲ್ಲ. ಪಕ್ಕದಲ್ಲಿ ಮನುಷ್ಯರ ಗೋರಿಯಿಲ್ಲ, ಆದ್ದರಿಂದ ಯಜಮಾನನ ಜತೆ ಕಳಿಸಿದ ಬಲಿಗಳೂ ಅಲ್ಲ. ದೇವರ ಹೆಸರಿಲ್ಲ, ಬರಹವಿಲ್ಲ. ಗುಣಿ ತೋಡಿದ್ದಾರೆ, ನಿದ್ದೆ ಹೋದಂತೆ ಮಗ್ಗುಲಾಗಿ ಮಲಗಿಸಿದ್ದಾರೆ. ಕೆಲವಕ್ಕೆ ಬಟ್ಟೆ ಹೊದಿಸಿದ್ದಾರೆ, ಕೆಲವದರ ಮೇಲೆ ಒಡೆದ ಹೂಜಿಯ ದೊಡ್ಡ ಬೋಕಿಯನ್ನು ಮುಚ್ಚಳದ ಹಾಗೆ ಕವುಚಿದ್ದಾರೆ. ಹಲವು ಬೆಕ್ಕುಗಳ ಕತ್ತಿನಲ್ಲಿ ಕಬ್ಬಿಣದ ಪಟ್ಟಿ, ಇಲ್ಲವೇ ಗಾಜಿನ ಮಣಿ, ಕವಡೆ ಚಿಪ್ಪು ಪೋಣಿಸಿದ ಸರ ಉಳಿದಿದೆ. ಒಂದು ಬೆಕ್ಕನ್ನು ದೊಡ್ಡ ಹಕ್ಕಿಯ ರೆಕ್ಕೆಯ ಮೇಲೆ ಮಲಗಿಸಿದ್ದರು.

ಇವೆಲ್ಲಕ್ಕಿಂತ ಹೆಚ್ಚಿನದನ್ನು ಹೇಳುವುದು ಮುದಿ ಪ್ರಾಣಿಗಳ ಎಲುಬು. ಹಲ್ಲೆಲ್ಲ ಉದುರಿದ, ಕೀಲು ಹಿಡಿದುಕೊಂಡ ನಾಯಿಗಳು ಅಲ್ಲಿವೆ. ಅಂಥ ನಾಯಿ ತಾನಾಗಿ ಬೇಟೆಯಾಡಿ ಬದುಕಲಾರದು. ಯಾರೋ ಮೆತ್ತಗಿನ ಆಹಾರ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡಿದ್ದಾರೆ. ನೀರಿಗೂ ಪರದಾಡುವ ಊರಿನಲ್ಲಿ, ಯಾವ ಕೆಲಸಕ್ಕೂ ಬಾರದ ಮುದಿ ನಾಯಿಗೆ ದಿನವೂ ಊಟ. ಬೆಕ್ಕುಗಳನ್ನು ಇಲಿ ಹಿಡಿಯಲೆಂದೇ ತಂದಿರಬಹುದು, ಹಡಗಿನ ಊರಲ್ಲವೇ. ಆದರೆ ಇಲಿ ಹಿಡಿಯುವ ಕೂಲಿಗೆ ಯಾರೂ ಮಣಿಸರ ಹಾಕುವುದಿಲ್ಲ.

ಮಂಗಗಳ ವಿಷಯ ಬಿಡುವಂತಿಲ್ಲ. ಅವು ಆಫ್ರಿಕಾದವಲ್ಲ, ಭಾರತದಿಂದ ಹಡಗಿನಲ್ಲಿ ಹೋದವು. ಮೆಣಸಿನ ಮೂಟೆಗಳ ಜತೆ ಸಮುದ್ರ ದಾಟಿ, ಪರದೇಶದಲ್ಲಿ ಸತ್ತು, ಬೆಕ್ಕುಗಳ ಸಾಲಿನಲ್ಲೇ ಮಣ್ಣಾದವು.

ಇಂಥ ಸಮಾಧಿಯ ಇನ್ನೂ ಹಳೆಯ ಸುಳಿವು ಸೈಪ್ರಸ್ ದ್ವೀಪದಲ್ಲಿದೆ. ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷಗಳ ಹಿಂದೆ ಹೂತ ಮನುಷ್ಯನೊಬ್ಬನಿಂದ ಮೊಳದಷ್ಟೂ ದೂರವಿಲ್ಲದಲ್ಲಿ, 40 ಸೆಂಟಿಮೀಟರ್ ಅಂತರದಲ್ಲಿ, ಎಂಟು ತಿಂಗಳ ಬೆಕ್ಕೊಂದನ್ನು ಪ್ರತ್ಯೇಕ ಗುಣಿಯಲ್ಲಿ ಹೂತಿದ್ದರು. ಎರಡೂ ದೇಹ ಒಂದೇ ದಿಕ್ಕಿಗೆ ತಲೆ ಮಾಡಿವೆ. ಫ್ರಾನ್ಸಿನ ಜಾನ್-ಡೆನಿ ವೀನ್ಯ ತಂಡ 2004ರಲ್ಲಿ ಇದನ್ನು ಪ್ರಕಟಿಸಿತು. ಸೈಪ್ರಸ್‌ನಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲ, ಯಾರೋ ದೋಣಿಯಲ್ಲೇ ತಂದಿರಬೇಕು. ಆ ಬೆಕ್ಕು ತಾನಾಗಿ ಸತ್ತಿತೋ, ಒಡೆಯನ ಜತೆ ಹೋಗಲೆಂದು ಕೊಂದರೋ ಎಂಬುದನ್ನು ಎಲುಬು ಹೇಳುತ್ತಿಲ್ಲ. ಆದ್ದರಿಂದಲೇ ನಾನು ಬೆರೆನಿಕೆಗೆ ಹೆಚ್ಚು ಅಂಕ ಕೊಡುವುದು.

ಮದ್ದೂರಿನ ನಾಯಿ, ಬೆಕ್ಕಳಲೆಯ ಬೆಕ್ಕು

ಕರ್ನಾಟಕದಲ್ಲಿ ಸತ್ತ ಸಾಕುಪ್ರಾಣಿಗೆ ಸಂದ ಅತ್ಯಂತ ದೊಡ್ಡ ಗೌರವ ನಾಯಿಯದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕಾಲ ಕ್ರಿ.ಶ. 949-50. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೆಂದು ಗಂಗ ಅರಸ ಬೂತುಗ ಕೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿ. ಆ ಕಾಳಿ ಬೆಳತೂರಿನ ಗುಡ್ಡದಲ್ಲಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಗುಡಿಯ ಶೈವ ಅರ್ಚಕನಿಗೆ, ನಾಯಿ ಮಾಡಿದ ಪಾಪ ತಟ್ಟಲಿ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಲ್ಲನ್ನು ನೋಡಬಹುದು.

ಬೆಕ್ಕಿಗೆ ವೀರಗಲ್ಲು ಸಿಗದಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಯಜಮಾನನಿಗಾಗಿ ಹಂದಿಯ ಮೇಲೆ ಬೀಳುವ ಜಾಯಮಾನ ಅದರದಲ್ಲ. ಆದರೆ ಅದೇ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕೇ ದೇವರು. ಮಂಗಮ್ಮ ದೇವಿ ಬೆಕ್ಕಿನ ರೂಪದಲ್ಲಿ ಬಂದು ಊರನ್ನು ಕಾಪಾಡಿದಳೆಂಬುದು ಅಲ್ಲಿನವರ ನಂಬಿಕೆ. ಗುಡಿಗಳಲ್ಲಿ ಅವಳಿಗೆ ಪೂಜೆ ನಡೆಯುತ್ತದೆ. ಊರಿನಲ್ಲಿ ಬೆಕ್ಕಿಗೆ ಯಾರೂ ಕೈ ಮಾಡುವಂತಿಲ್ಲ, ಸತ್ತ ಬೆಕ್ಕು ಕಂಡರೆ ಮಣ್ಣು ಮಾಡದೆ ಬಿಡುವಂತಿಲ್ಲ. ಮದ್ದೂರೆಂದರೆ ವಡೆ ಮಾತ್ರ ನೆನಪಾಗುವ ನಮಗೆ ಇದೂ ಗೊತ್ತಿದ್ದರೆ ಚೆನ್ನ.

ಉಳಿದ ಕಡೆ ಬೆಕ್ಕಿನ ಬಗ್ಗೆ ನಮ್ಮದು ಭಯ ಬೆರೆತ ಮರ್ಯಾದೆ. ಬೆಕ್ಕು ಕೊಂದ ಪಾಪ ಕಾಶಿಗೆ ಹೋದರೂ ಕಳೆಯುವುದಿಲ್ಲ, ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಹಿರಿಯರು ಹೆದರಿಸುತ್ತಿದ್ದರು. ಸತ್ತ ಬೆಕ್ಕನ್ನು ಹಿತ್ತಿಲ ತೆಂಗಿನ ಬುಡದಲ್ಲೋ ತೋಟದ ಬದುವಿನಲ್ಲೋ ಹೂಳುತ್ತಿದ್ದರು. ಅರಿಸಿನ, ಕುಂಕುಮ, ಎರಡು ಹೂವು, ಒಂದು ಲೋಟ ಹಾಲು. ಮಕ್ಕಳಿರುವ ಮನೆಯಾದರೆ ಮೂರನೆಯ ದಿನ ಹಾಲು-ತುಪ್ಪ ಬಿಡುವ ಶಾಸ್ತ್ರವೂ ನಡೆಯುತ್ತಿತ್ತು, ದೊಡ್ಡವರು ನಕ್ಕರೂ ತಡೆಯುತ್ತಿರಲಿಲ್ಲ.

ಹಿತ್ತಿಲು ಹೋದ ಮೇಲೆ

ಹಿತ್ತಿಲಿಲ್ಲದ ನಗರಗಳಲ್ಲಿ ಸಾಕುಪ್ರಾಣಿಗಳ ಸ್ಮಶಾನ ಹುಟ್ಟಿಕೊಂಡದ್ದು 19ನೇ ಶತಮಾನದ ಕೊನೆಯಲ್ಲಿ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1881ರಲ್ಲಿ, ನ್ಯೂಯಾರ್ಕ್ ಬಳಿಯ ಹಾರ್ಟ್ಸ್‌ಡೇಲ್‌ನಲ್ಲಿ ಪಶುವೈದ್ಯರೊಬ್ಬರ ಸೇಬಿನ ತೋಟದಲ್ಲಿ 1896ರಲ್ಲಿ. ಪ್ಯಾರಿಸ್ಸಿನಲ್ಲಿ ಜನ ಸತ್ತ ಪ್ರಾಣಿಗಳನ್ನು ಸೇನ್ ನದಿಗೆ ಎಸೆಯುತ್ತಿದ್ದರು. ಮನೆಗಳಿಂದ ನೂರು ಮೀಟರ್ ದೂರದಲ್ಲಿ, ಕನಿಷ್ಠ ಒಂದು ಮೀಟರ್ ಮಣ್ಣಿನ ಕೆಳಗೆ ಹೂಳಬೇಕೆಂದು 1898ರಲ್ಲಿ ಕಾನೂನು ಬಂತು. ಮರುವರ್ಷವೇ ಪತ್ರಕರ್ತೆ ಮಾರ್ಗರೀತ್ ದ್ಯುರಾ ಮತ್ತು ವಕೀಲ ಜಾರ್ಜ್ ಆರ್ಮ್ವಾ ಸೇರಿ ಆಸ್ನಿಯೇರ್‌ನಲ್ಲಿ ಸ್ಮಶಾನ ತೆರೆದರು. ಭಾವುಕತೆ ಎಷ್ಟೇ ಇರಲಿ, ಆರಂಭಕ್ಕೆ ಕಾರಣವಾದದ್ದು ಊರಿನ ನೈರ್ಮಲ್ಯ.

ಜಪಾನಿನಲ್ಲಿ ಬೌದ್ಧ ಮಠಗಳೇ ಈ ಹೊಣೆ ಹೊತ್ತಿವೆ. ಟೋಕಿಯೊದ ಎಕೊ-ಇನ್ ಮಠ 1657ರ ಮಹಾ ಬೆಂಕಿಯಲ್ಲಿ ಸತ್ತ ಅನಾಥ ಹೆಣಗಳಿಗಾಗಿ ಹುಟ್ಟಿದ್ದು. ಪ್ರಾಣಿಗಳಿಗೂ ಅಲ್ಲಿ ಪ್ರಾರ್ಥನೆ ಸಲ್ಲುತ್ತದೆ. ಬೆಕ್ಕೇ ಕಥೆ ಹೇಳುವ ಕಾದಂಬರಿಯಿಂದ ಹೆಸರಾದ ನಾತ್ಸುಮೆ ಸೋಸೆಕಿಯ ಮನೆಯ ಬೆಕ್ಕು 1908ರ ಸೆಪ್ಟೆಂಬರ್ 13ರಂದು ಸತ್ತಾಗ, ಅವರು ಶಿಷ್ಯರಿಗೆಲ್ಲ ಸಾವಿನ ಕಾರ್ಡು ಬರೆದು ತಿಳಿಸಿದರು. ಹಿತ್ತಿಲಲ್ಲಿ ಹೂತು ಗುರುತಿಗೆ ಒಂದು ಹಲಗೆ ನೆಟ್ಟರು. ಅದರ ತಿಥಿಗೆ ಹೆಂಡತಿ ಒಂದು ತುಂಡು ಮೀನು, ಒಂದು ಬಟ್ಟಲು ಅನ್ನ ಎಡೆ ಇಡುತ್ತಿದ್ದರು. ಬೆಕ್ಕು ಬದುಕಿದ್ದಾಗ ಅದಕ್ಕೊಂದು ಹೆಸರನ್ನೂ ಇಟ್ಟಿರಲಿಲ್ಲ ಎಂಬುದು ತಮಾಷೆ.

ನಮ್ಮ ನಗರಗಳಿಗೆ ಬಂದರೆ, ಬೆಂಗಳೂರಿನಲ್ಲಿ ಕೆಂಗೇರಿ ಬಳಿಯ ಪೀಪಲ್ ಫಾರ್ ಆ್ಯನಿಮಲ್ಸ್ ಆವರಣದಲ್ಲಿ ಸಾಕುಪ್ರಾಣಿಗಳ ಸ್ಮಶಾನವಿದೆ. ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ. ಫ್ಲ್ಯಾಟಿನಲ್ಲಿ ಬೆಕ್ಕು ಸಾಕಿದವರು ಈ ಎರಡು ಹೆಸರನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಸಾವಿನ ಹೊತ್ತಿನಲ್ಲಿ ವಿಚಾರಿಸಿಕೊಳ್ಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಎಷ್ಟೋ ಊರುಗಳಲ್ಲಿ ಇಂಥ ವ್ಯವಸ್ಥೆ ಇಲ್ಲದೆ, ಮಗುವಿನಂತೆ ಸಾಕಿದ ಬೆಕ್ಕು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಸದ ಗಾಡಿ ಏರುತ್ತದೆ.

ಸ್ವಂತ ಜಾಗವಿದ್ದವರು ಹೂಳುವುದಾದರೆ ಗುಣಿ ಮೂರಡಿಗೆ ಕಡಿಮೆ ಇರಬಾರದು, ಇಲ್ಲದಿದ್ದರೆ ಬೀದಿನಾಯಿ ಕೆದಕುತ್ತದೆ. ಬಾವಿ, ಕೊಳವೆಬಾವಿ, ಕೆರೆಯಂಚಿನಿಂದ ದೂರವಿರಲಿ. ಸುತ್ತಲು ಹಳೆಯ ಹತ್ತಿಬಟ್ಟೆ ಸಾಕು. ಪ್ಲಾಸ್ಟಿಕ್ ಬೇಡ, ಅದರೊಳಗೆ ದೇಹ ಮಣ್ಣಾಗುವುದಿಲ್ಲ. ಹುಚ್ಚುರೋಗದ ಶಂಕೆಯಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ನರಳಾಟ ತಪ್ಪಿಸಲೆಂದು ವೈದ್ಯರು ಚುಚ್ಚುಮದ್ದು ಕೊಟ್ಟು ಮಲಗಿಸಿದ ಬೆಕ್ಕಾದರೆ ಇನ್ನಷ್ಟು ಎಚ್ಚರ ಬೇಕು. ಆ ಔಷಧ ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ, ಹೆಣ ಕೆದಕಿ ತಿಂದ ನಾಯಿ, ಹದ್ದು, ಕಾಗೆಗಳೂ ಸಾಯಬಹುದು. ಅಂಥ ಬೆಕ್ಕಿಗೆ ದಹನವೇ ಸುರಕ್ಷಿತ.

ಇಷ್ಟನ್ನು ಮನೆಯವರು ಮಾಡಬಹುದು. ಉಳಿದದ್ದು ಊರಿನ ಕೆಲಸ. ಪ್ರತಿ ನಗರಸಭೆಯೂ ತನ್ನ ಹೊರವಲಯದ ಸರ್ಕಾರಿ ಜಾಗದಲ್ಲಿ ಎರಡು ಗುಂಟೆ ಬೇಲಿ ಹಾಕಿ, ಗುಣಿ ತೋಡಲು ಒಬ್ಬ ಆಳು, ದಾಖಲಿಸಲು ಒಂದು ಪುಸ್ತಕ, ಒಂದು ದರಪಟ್ಟಿ ಇಟ್ಟರೆ ಸಾಕು. ಎರಡು ಸಾವಿರ ವರ್ಷಗಳ ಹಿಂದೆ ನೀರಿಲ್ಲದ ಬಂದರೊಂದಕ್ಕೆ ಸಾಧ್ಯವಾದದ್ದು ನಮ್ಮ ನಗರಸಭೆಗಳಿಗೆ ಹೊರೆಯಾಗಬಾರದು. ನಿಮ್ಮ ವಾರ್ಡಿನ ಸದಸ್ಯರು ಮುಂದಿನ ಸಲ ಮನೆ ಬಾಗಿಲಿಗೆ ಬಂದಾಗ ಇದನ್ನೂ ಕೇಳಿ.